ಅಹಲ್ಯಾಬಾಯಿ ಹೋಳಕರಳ ಖಾಸಗಿ ಭಂಡಾರ

ಕಾಶೀಯಾತ್ರೆಗೆ ತೆರಳುವ ಕನ್ನಡನಾಡಿನ ಶಿವಭಕ್ತರು ಜಂಗಮವಾಡಿ ಮಠದಲ್ಲಿ ಇಳಿದುಕೊಂಡು, ಗಂಗೆಯಲ್ಲಿ ಮಿಂದು, ಶ್ರೀ ವಿಶ್ವನಾಥನ ದರ್ಶನಕ್ಕೆ ಹೋಗುವುದು ತಲೆತಲಾಂತರದಿಂದ ನಡೆದುಬಂದ ಪದ್ಧತಿಯಾಗಿದೆ. ಅವರು ತಲೆಬಾಗಿ ಒಳಹೊಗುವ ಆ ದೇವಾಲಯವು ಬಹು ಪುರಾತನವಾದುದೆಂದು ಅನೇಕರು ಭಾವಿಸಿರುವರು. ಕ್ಷೇತ್ರವು ಪುರಾತನವೆಂಬುದು ನಿಜ. ಗುಡಿಯು ಮಾತ್ರ 1780ರಲ್ಲಿ ಕಟ್ಟಿದುದು. 1669ರಲ್ಲಿ ಹಿಂದಿನ ದೇವಾಲಯವು ಔರಂಗಜೇಬನ ಆಜ್ಞೆಯಿಂದ ಕೆಡವಲ್ಪಟ್ಟ ಮೇಲೆ ನೂರಕ್ಕೂ ಹೆಚ್ಚು ವರ್ಷ ವಿಶ್ವನಾಥನಿಗೆ ಅಲ್ಲಿ ತಕ್ಕ ಆಲಯವಿರಲಿಲ್ಲ. ಅನೇಕ ಮಂದಿ ರಾಜರೂ ಸರದಾರರೂ ಕಾಶಿಗೆ ಬಂದು ಹೋದರು. ಕಟ್ಟಿಸಿದವಳಾದರೋ ಅಲ್ಲಿಂದ ಬಹುದೂರದ ನರ್ಮದಾತೀರದ ಮಹೇಶ್ವರದಲ್ಲಿದ್ದ ಒಬ್ಬ ವಿಧವೆ. ಧನಗರರೆಂದು ಕರೆಯಲ್ಪಡುವ ಕುರಿಗಾಹಿಗಳ ಕುಲದ ಸೊಸೆ.

ಅಹಲ್ಯಾಬಾಯಿಯ ದಾನಧರ್ಮಗಳ ಕೀರ್ತಿಯು ದೇಶಭಾಷೆಗಳಲ್ಲೆಲ್ಲ ಹರಡಿದೆ. ಆದರೆ ದಾನದ ಹಿರಿಮೆಯನ್ನು ಹೊಗಳುವುದಕ್ಕೆ ಮೊದಲು ದಾನದ್ರವ್ಯವು ಯಾರದೆಂದು ವಿಚಾರಿಸುವುದು ಯೋಗ್ಯವಾಗಿದೆ. ಪ್ರಜೆಗಳಿಂದ ಹಿಂಡಿದ ಕಂದಾಯದಲ್ಲಿ ಗೋಪುರಗಳನ್ನೆಬ್ಬಿಸಿ ಪುಣ್ಯಶ್ಲೋಕರೆನ್ನಿಸಿಕೊಂಡ ಅರಸರು ಭರತಖಂಡದಲ್ಲಿ ಕಡಮೆಯಾಗಿಲ್ಲ. ಹೋಳಕರರ ಮನೆಯ ಈ ಹಿರಿಯಳ ವೃತ್ತಾಂತವು ಬೇರೆಯಾದುದು ಇಲ್ಲಿಯೇ.

ಅಹಲ್ಯಾಬಾಯಿಯು 1725ನೆಯ ಇಸವಿ ಮೇ 31ರಂದು, ಆಗ ಅಹಮದನಗರವೆಂದೂ ಈಗ ಆಕೆಯ ಹೆಸರಿನಿಂದಲೇ ಅಹಿಲ್ಯಾನಗರವೆಂದೂ ಕರೆಯಲ್ಪಡುವ ಪ್ರಾಂತದ ಚೌಂಡಿ ಎಂಬ ಹಳ್ಳಿಯಲ್ಲಿ ಜನಿಸಿದಳು. ತಂದೆಯಾದ ಮಾಣಕೋಜಿ ಶಿಂದೆಯು ಆ ಹಳ್ಳಿಯ ಪಾಟೀಲನು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ವಾಡಿಕೆ ಅಪರೂಪವಾಗಿದ್ದ ಕಾಲದಲ್ಲಿ ಮಗಳಿಗೆ ಓದುಬರಹಗಳನ್ನು ಕಲಿಸಿದನು. ಪುಣೆಯ ಕಡೆಗೆ ಹೋಗುತ್ತಿದ್ದ ಮಲ್ಹಾರರಾವ್ ಹೋಳಕರನು ಚೌಂಡಿಯ ಗುಡಿಯಲ್ಲಿ ಈ ಬಾಲೆಯ ಭಕ್ತಿಯನ್ನು ಕಂಡು ಮೆಚ್ಚಿ ಸೊಸೆಯಾಗಿ ಆರಿಸಿಕೊಂಡನೆಂದು ಜನರು ಹೇಳುವರು. ಕಥೆಯು ಹೇಗೇ ಇರಲಿ, 1733ರಲ್ಲಿ ಮಲ್ಹಾರರಾಯನ ಮಗನಾದ ಖಂಡೇರಾಯನಿಗೆ ಎಂಟು ವರ್ಷದ ಅಹಲ್ಯೆಯನ್ನು ಕೊಟ್ಟು ಲಗ್ನವಾಯಿತು.

ಮರುವರ್ಷವೇ, ಎಂದರೆ 1734ರಲ್ಲಿ, ಆ ಮನೆಯಲ್ಲಿ ಒಂದು ವಿಶೇಷ ನಡೆಯಿತು. ಕುರಿ ಕಾಯುತ್ತಿದ್ದ ಹುಡುಗನು ಮಾಳವ ದೇಶದ ಸುಭೇದಾರನಾಗುವ ಮಟ್ಟಿಗೆ ಬೆಳೆದಿದ್ದ ಮಲ್ಹಾರರಾಯನು ದಂಡಾಳಿನ ಬಾಳು ಎಷ್ಟು ಅಸ್ಥಿರವೆಂಬುದನ್ನು ಬಲ್ಲವನಾಗಿದ್ದನು. ಸೈನ್ಯಕ್ಕೆ ಸೇರಿದ ಸೀಮೆಯು ಇಂದು ಇದ್ದು ನಾಳೆ ಹೋಗುವುದು. ತನ್ನಿಮಿತ್ತ ಆತನ ಬಿನ್ನಹದ ಮೇರೆಗೆ ಪೇಶವೆಯು ಆತನ ಪತ್ನಿಯಾದ ಗೌತಮಾಬಾಯಿಯ ಹೆಸರಿಗೆ ವರ್ಷಕ್ಕೆ ಸುಮಾರು 3 ಲಕ್ಷ ರೂಪಾಯಿ ಹುಟ್ಟುವಳಿಯ ಜಹಗೀರನ್ನು ಪ್ರತ್ಯೇಕವಾಗಿ ಹಾಕಿಕೊಟ್ಟನು. ಸೈನ್ಯ, ಕೋಟೆ, ಕಾರಭಾರಗಳ ಖರ್ಚಿಗೆಂದು ಇದ್ದುದು ದೌಲತ್ತು, ಮನೆಯೊಡತಿಯದು ಖಾಸಗಿ. ಎರಡಕ್ಕೂ ಬೇರೆ ಬೇರೆ ಲೆಕ್ಕ, ಬೇರೆ ಬೇರೆ ಕಾರಕೂನರು. ಈ ಖಾಸಗಿ ಎಂಬ ಶಬ್ದವು ಕನ್ನಡಕ್ಕೂ ಬಂದು ನೆಲೆಸಿದೆ. ಇಂದು ಅದಕ್ಕೆ ಅನ್ಯರು ಕೈಹಾಕಕೂಡದ, ತನ್ನೊಬ್ಬನದಾದ ವಸ್ತುವೆಂದು ಅರ್ಥ. ಹೋಳಕರರ ಮನೆಯಲ್ಲಿ ಅದು ಪಡೆದ ಅರ್ಥವು ಇದಕ್ಕೆ ತೀರ ವಿರುದ್ಧವಾದುದು.

ಖಂಡೇರಾಯನು ಹೆಚ್ಚು ಕಾಲ ಬದುಕಲಿಲ್ಲ. 1754ರಲ್ಲಿ ಭರತಪುರದ ಜಾಟರ ಕುಂಭೇರಿ ಕೋಟೆಯ ಮುತ್ತಿಗೆಯಲ್ಲಿ ತೋಪಿನ ಗುಂಡು ತಗಲಿ ಮಡಿದನು. ಮಗ ಮಾಲೇರಾಯ, ಮಗಳು ಮುಕ್ತಾಬಾಯಿ ಇಬ್ಬರೂ ಇನ್ನೂ ಎಳೆಯರು. ಆ ಕಾಲದ ರೂಢಿಯಂತೆ ಅಹಲ್ಯೆಯು ಸಹಗಮನಕ್ಕೆ ಸಿದ್ಧಳಾದಳು. ಆಗ ಮಲ್ಹಾರರಾಯನು ಸೊಸೆಯ ಮುಂದೆ ನಿಂತು, ಮುಪ್ಪಿನಲ್ಲಿ ತನಗೆ ಬೇರೆ ಆಸರೆಯಿಲ್ಲವೆಂದು ಬೇಡಿಕೊಂಡು ಆಕೆಯನ್ನು ತಡೆದನು. ಮುಂದೆ ಆಕೆಗೆ ಮಗಳ ಸ್ಥಾನವನ್ನಷ್ಟೇ ಅಲ್ಲ, ಮಗನ ಸ್ಥಾನವನ್ನೂ ಕೊಟ್ಟನು. ದಂಡಯಾತ್ರೆಯಲ್ಲಿದ್ದಾಗ ಆತನು 1765ರಲ್ಲಿ ಸೊಸೆಗೆ ಬರೆದ ಪತ್ರಗಳಲ್ಲಿ ಕ್ಷೇಮಸಮಾಚಾರಕ್ಕಿಂತ ತೋಪುಖಾನೆ, ಮದ್ದುಗುಂಡು, ದಾರಿಯ ಠಾಣ್ಯಗಳ ವಿಚಾರವೇ ಹೆಚ್ಚಾಗಿದೆ. ಅತ್ತೆಯಾದ ಗೌತಮಾಬಾಯಿಯು 1761ರಲ್ಲಿ ತೀರಿಕೊಳ್ಳಲು ಖಾಸಗಿಯ ಒಡೆತನವು ಸೊಸೆಗೆ ಬಂದಿತು. ಹೀಗೆ ಒಂದು ಕಡೆ ಮಾವನಿಂದ ರಾಜ್ಯಭಾರದ ಪಾಠ, ಇನ್ನೊಂದು ಕಡೆ ಅತ್ತೆಯಿಂದ ಬೊಕ್ಕಸದ ಬೀಗದಕೈ. ಎರಡೂ ಆಕೆಯ ಕೈಸೇರಿದುವು.

1766ರಲ್ಲಿ ಮಲ್ಹಾರರಾಯನು ಆಲಂಪುರದಲ್ಲಿ ಕಾಲವಾದನು. ಪಟ್ಟಕ್ಕೆ ಬಂದ ಮೊಮ್ಮಗ ಮಾಲೇರಾಯನು ಬುದ್ಧಿಸ್ಥಿಮಿತವಿಲ್ಲದವನಾಗಿ ವರ್ಷ ತುಂಬುವುದರೊಳಗೆ 1767ರಲ್ಲಿ ತೀರಿಹೋದನು. ಆಗ ಮನೆತನದ ದಿವಾಣನಾಗಿದ್ದ ಗಂಗಾಧರ ಯಶವಂತನು ಒಂದು ಹಸುಗೂಸನ್ನು ದತ್ತು ತೆಗೆದುಕೊಂಡು, ಬಾಯಿಯವರು ಪೂಜೆ ಪುರಸ್ಕಾರಗಳಲ್ಲಿ ಸುಖವಾಗಿ ಇರಬೇಕೆಂದೂ ಕಾರಭಾರವನ್ನೆಲ್ಲ ತಾನೇ ನೋಡಿಕೊಳ್ಳುವೆನೆಂದೂ ಸೂಚಿಸಿದನು. ಪೇಶವೆಯ ಚಿಕ್ಕಪ್ಪನಾದ ರಘುನಾಥರಾಯನು ಇದಕ್ಕೆ ಬೆಂಬಲವಾಗಿ ನಿಂತನು. ಅಹಲ್ಯಾಬಾಯಿಯ ಉತ್ತರವು ಸ್ಪಷ್ಟವಾಗಿದ್ದಿತು: ಸತ್ತ ಒಬ್ಬ ಒಡೆಯನ ಪತ್ನಿಯೂ ಇನ್ನೊಬ್ಬ ಒಡೆಯನ ತಾಯಿಯೂ ಆದ ತಾನೇ ಇರುವಾಗ ಉತ್ತರಾಧಿಕಾರಿಯನ್ನು ಆರಿಸುವ ಹಕ್ಕು ತನ್ನದು. ರಘುನಾಥರಾಯನು ಸೈನ್ಯವನ್ನು ಸಿದ್ಧಗೊಳಿಸಲು, ಹೆಂಗಸಿನ ಮೇಲೆ ದಂಡೆತ್ತಿ ಬಂದು ಗೆದ್ದರೆ ಕೀರ್ತಿಯಿಲ್ಲ, ಸೋತರೆ ಅಪಕೀರ್ತಿಗೆ ಮಿತಿಯಿಲ್ಲ ಎಂದು ಹೇಳಿಕಳುಹಿಸಿದಳು. ಬರಿಯ ಮಾತಿಗೆ ನಿಲ್ಲದೆ ತಾನೂ ಸೈನ್ಯವನ್ನು ಕೂಡಿಸಿದಳು. ಪುಣೆಯಿಂದ ಪೇಶವೆ ಮಾಧವರಾಯನು ಆಕೆಯ ಪಕ್ಷವನ್ನೇ ವಹಿಸಿದ ಕಾರಣ ಯುದ್ಧವು ನಡೆಯಲಿಲ್ಲ. ಅದೇ ವರ್ಷದಿಂದ ಆಕೆಯ ಆಳಿಕೆಯು ಆರಂಭವಾಯಿತು.

ಸೈನ್ಯದ ಹೊಣೆಯನ್ನು ಆಕೆಯು ತುಕೋಜಿ ಹೋಳಕರನಿಗೆ ಒಪ್ಪಿಸಿದಳು. ಆತನು ಅದೇ ಕುಲದ ಸರದಾರನೇ ಹೊರತು ಹತ್ತಿರದ ರಕ್ತಸಂಬಂಧಿಯಲ್ಲ. ವಯಸ್ಸಿನಲ್ಲಿ ತಾನೇ ಹಿರಿಯನಾಗಿದ್ದರೂ ಆಕೆಯನ್ನು ತಾಯಿಯೆಂದು ಕರೆದನು. ತನ್ನ ಮುದ್ರೆಯಲ್ಲಿ ಮಲ್ಹಾರರಾಯನ ಮಗನೆಂದು ಬರೆಯಿಸಿಕೊಂಡನು. ಈ ಏರ್ಪಾಡು ಸುಮಾರು ಮೂವತ್ತು ವರ್ಷ ಮುರಿಯದೆ ನಡೆಯಿತೆಂಬುದೇ ಆಶ್ಚರ್ಯ. ಒಳಗೆ ಘರ್ಷಣೆಗಳಿಲ್ಲದೆ ಇರಲಿಲ್ಲ. ಉತ್ತರಹಿಂದೂಸ್ಥಾನದ ದಂಡಿನಲ್ಲಿದ್ದ ತುಕೋಜಿಗೆ ಹಣವು ಯಾವಾಗಲೂ ಸಾಲದು. ಬಾಯಿಯಾದರೋ ಲೆಕ್ಕವಿಲ್ಲದೆ ಕಾಸನ್ನೂ ಬಿಡುವವಳಲ್ಲ. ಖಾಸಗಿಯ ಚೀಲಕ್ಕಂತೂ ಆತನ ಕೈ ಹೋಗುವಂತಿರಲಿಲ್ಲ.

ಇಲ್ಲಿ ಒಂದು ಸಾಕ್ಷಿಯ ಬೆಲೆಯನ್ನು ಹೇಳಬೇಕು. ಅಹಲ್ಯಾಬಾಯಿಯ ಚರಿತ್ರೆಯನ್ನು ವಿಸ್ತಾರವಾಗಿ ಬರೆದಿಟ್ಟವರಲ್ಲಿ ಸರ್ ಜಾನ್ ಮಾಲ್ಕಮ್ ಎಂಬ ಇಂಗ್ಲಿಷ್ ಸೇನಾನಿಯು ಮೊದಲಿಗನು. 1817ರ ಡಿಸೆಂಬರಿನಲ್ಲಿ ಮಹಿದಪುರದ ಕಾಳಗದಲ್ಲಿ ಹೋಳಕರರ ಸೈನ್ಯವನ್ನು ಮುರಿದವರಲ್ಲಿ ಅವನೂ ಒಬ್ಬನು. ಆ ಮನೆತನವನ್ನು ಹೊಗಳಬೇಕಾದ ದಾಕ್ಷಿಣ್ಯ ಅವನಿಗೆ ಯಾವುದೂ ಇರಲಿಲ್ಲ. ಮಾಳವದಲ್ಲಿ ಆಕೆಯನ್ನು ಕಣ್ಣಾರೆ ಕಂಡಿದ್ದ ಮುದುಕರನ್ನು ವಿಚಾರಿಸಿ, ಹೊಗಳಿಕೆಯು ಅತಿಯಾಯಿತೆಂಬ ಸಂಶಯದಿಂದ ಮತ್ತೆ ಮತ್ತೆ ಪರೀಕ್ಷಿಸಿ, 1823ರಲ್ಲಿ ಪ್ರಕಟವಾದ ತನ್ನ ಮಧ್ಯಹಿಂದೂಸ್ಥಾನದ ಗ್ರಂಥದಲ್ಲಿ ಅವನು ದಾಖಲೆಮಾಡಿದನು. ಮುಂದೆ ಹೇಳುವ ಸಂಗತಿಗಳಲ್ಲಿ ಹೆಚ್ಚಿನವು ಅವನ ಗ್ರಂಥದಲ್ಲಿರುವಂಥವೇ.

ಸೂರ್ಯೋದಯಕ್ಕೆ ಬಹು ಮುಂಚೆ ಎದ್ದು ಪೂಜೆ. ಬಳಿಕ ಪುರಾಣಶ್ರವಣ, ದಾನ, ಅನ್ನಸಂತರ್ಪಣೆ. ಅದಾದ ಮೇಲೆ ತನ್ನ ಊಟ. ಸ್ವಲ್ಪ ವಿಶ್ರಾಂತಿಯ ನಂತರ ಮಧ್ಯಾಹ್ನ 2 ಗಂಟೆಗೆ ದರಬಾರಿಗೆ ಬಂದು ಕುಳಿತರೆ ಸಂಜೆ ಹೊತ್ತು ಮುಳುಗುವ ವರೆಗೆ ಏಳುತ್ತಿರಲಿಲ್ಲ. ಪುನಃ ಪೂಜೆ, ಅಲ್ಪಾಹಾರ. ರಾತ್ರಿ 9ರಿಂದ 11ರ ತನಕ ಮತ್ತೆ ಕಾಗದಪತ್ರಗಳು. ಬಿಳಿಯ ಸೀರೆಯ ಈ ಹೆಂಗಸು ಮುಸುಕು ಹಾಕಿಕೊಳ್ಳದೆ ತೆರೆದ ದರಬಾರಿನಲ್ಲಿ ಕುಳಿತು ದೂರುಗಳನ್ನು ಸ್ವತಃ ಕೇಳುತ್ತಿದ್ದಳು. ಆಕೆಯ ಮೈಕಟ್ಟು ತೆಳುವು, ಬಣ್ಣ ಕಪ್ಪು. ರಘುನಾಥರಾಯನ ಹೆಂಡತಿಯೂ ಸುಂದರಿಯೆಂದು ಹೆಸರಾದವಳೂ ಆದ ಆನಂದೀಬಾಯಿಯು ಕುತೂಹಲದಿಂದ ದಾಸಿಯೊಬ್ಬಳನ್ನು ನೋಡಿಬರಲು ಕಳುಹಿಸಿದಳಂತೆ. ರೂಪವತಿಯಲ್ಲ, ಆದರೆ ಮುಖದಲ್ಲಿ ದಿವ್ಯವಾದ ಕಳೆಯಿದೆ ಎಂದು ದಾಸಿಯು ಬಂದು ತಿಳಿಸಿದಳು. ಬ್ರಾಹ್ಮಣ ಕವಿಯೊಬ್ಬನು ಆಕೆಯನ್ನು ಸ್ತುತಿಸಿ ಗ್ರಂಥವೊಂದನ್ನು ಬರೆದು ತಂದು ಓದಿದಾಗ ಕೊನೆಯ ವರೆಗೆ ತಾಳ್ಮೆಯಿಂದ ಕೇಳಿ, ಅದನ್ನು ನರ್ಮದೆಯಲ್ಲಿ ಎಸೆಯುವಂತೆ ಅಪ್ಪಣೆಮಾಡಿದಳು. ಆ ಕವಿಯ ಗತಿಗೆ ಮರುಗಬೇಕೋ ನಗಬೇಕೋ ತಿಳಿಯದು.

ವಿಧವೆಯರ ಸೊತ್ತಿನ ವಿಷಯದಲ್ಲಿ ಆಕೆಯ ನ್ಯಾಯವು ಕಠಿಣವಾದುದು. ಸಂತಾನವಿಲ್ಲದೆ ಸತ್ತ ಸಾಹುಕಾರನ ಆಸ್ತಿಯ ಮೇಲೆ ಸರಕಾರವು ಕೈಹಾಕುವುದು, ದತ್ತಕಕ್ಕೆ ಮಂಜೂರಾತಿ ಕೊಡಬೇಕಾದರೆ ನಜರಾಣೆಯೆಂದು ಲಕ್ಷಗಟ್ಟಲೆ ಕೀಳುವುದು ಅಂದಿನ ದಿನಮಾನದಲ್ಲಿ ಯಾರೂ ತಪ್ಪೆಂದು ತಿಳಿಯದ ಆದಾಯ. ಸಿರೋಂಜದ ಸಾಹುಕಾರನೊಬ್ಬನ ವಿಧವೆಯನ್ನು ಅಲ್ಲಿಯ ಅಧಿಕಾರಿಯು ಹೀಗೆಯೇ 3 ಲಕ್ಷ ಕೇಳಿ ಬೆದರಿಸಲು ಅವಳು ದತ್ತು ತೆಗೆದುಕೊಂಡ ಹುಡುಗನೊಡನೆ ಮಹೇಶ್ವರಕ್ಕೆ ಓಡಿಬಂದಳು. ಅಹಲ್ಯಾಬಾಯಿಯು ಆ ಅಧಿಕಾರಿಯನ್ನು ಕೆಲಸದಿಂದ ತೆಗೆದುಹಾಕಿ, ದತ್ತಕವನ್ನು ಒಪ್ಪಿ, ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಟ್ಟೆ ಒಡವೆಗಳನ್ನೂ ಪಲ್ಲಕ್ಕಿಯನ್ನೂ ಕೊಟ್ಟು ಕಳುಹಿಸಿದಳು. ಇಂದೂರಿನಲ್ಲಿ ಬೀಡುಬಿಟ್ಟಿದ್ದ ತುಕೋಜಿಯೇ ಸತ್ತ ಸಾಹುಕಾರನ ಸಂಪತ್ತಿನಲ್ಲಿ ಪಾಲನ್ನು ಬಯಸಿದಾಗ ಆತನಿಗೂ ರಿಯಾಯಿತಿ ದೊರೆಯಲಿಲ್ಲ. ವಿಧವೆಯನ್ನು ಕಾಡದೆ ಸೈನ್ಯವನ್ನು ಊರಿನಿಂದ ಆಚೆಗೆ ಒಯ್ಯಬೇಕೆಂದು ತಾಯಿಯ ಆಜ್ಞೆ ಬಂದಿತು. ಖರಗೋಣದ ಇಬ್ಬರು ಸಹೋದರರು ಮಕ್ಕಳಿಲ್ಲದೆ ತೀರಿಕೊಂಡಾಗ ಅವರ ವಿಧವೆಯರು ತಾವಾಗಿಯೇ ಸಂಪತ್ತನ್ನೆಲ್ಲ ಬಾಯಿಗೆ ಒಪ್ಪಿಸಲು ಬಂದರು. ಆಕೆ ಒಂದು ರೂಪಾಯಿಯನ್ನೂ ಮುಟ್ಟದೆ ಲೋಕೋಪಯೋಗಕ್ಕೆ ವೆಚ್ಚಮಾಡುವಂತೆ ಹೇಳಲು, ಅವರು ಆ ಊರಿನ ನದಿಗೆ ಸೋಪಾನವನ್ನೂ ಗುಡಿಯನ್ನೂ ಕಟ್ಟಿಸಿದರು. ತಾನೇ ವಿಧವೆಯಾಗಿ, ತನ್ನ ದತ್ತಕದ ಹಕ್ಕಿಗಾಗಿ ತಾನೇ ಹೋರಾಡಿದವಳಾದ ಕಾರಣ ಈ ನೋವು ಆಕೆಗೆ ಹೊರಗಿನದಾಗಿರಲಿಲ್ಲ.

ದಾರಿಹೋಕರನ್ನು ಸುಲಿಯುತ್ತಿದ್ದ ಗುಡ್ಡಗಾಡಿನ ಭಿಲ್ಲರನ್ನು ಮೊದಲು ದಂಡಿಸಿ, ಬಳಿಕ ಆ ಮಾರ್ಗವನ್ನು ಬಿಟ್ಟು, ಗುಡ್ಡ ದಾಟುವ ಸರಕಿನ ಮೇಲೆ ಅವರಿಗೆ ಹಿಂದಿನಿಂದ ಬಂದಿದ್ದ ಭಿಲ್ಲಕವಡಿ ಎಂಬ ಸಣ್ಣ ಸುಂಕವನ್ನು ಸ್ಥಿರಪಡಿಸಿ, ಅದಕ್ಕೆ ಪ್ರತಿಯಾಗಿ ದಾರಿಯ ಕಾವಲನ್ನೂ ಕಳವಾದ ಮಾಲಿನ ಹೊಣೆಯನ್ನೂ ಅವರ ಮೇಲೆಯೇ ಹಾಕಿದಳು. ಮಹೇಶ್ವರಕ್ಕೆ ನೇಕಾರರನ್ನು ಕರೆಯಿಸಿ ನೆಲೆಗೊಳಿಸಿದಳು. ಅಲ್ಲಿಯ ಸೀರೆಗಳಿಗೆ ಇಂದಿಗೂ ಊರಿನ ಹೆಸರೇ ಇದೆ. ರಾಮಪುರದ ಚಂದ್ರಾವತ ರಜಪೂತರು ದಂಗೆಯೆದ್ದಾಗ ಪಡೆಯನ್ನು ಕಳುಹಿಸಿ ಅಡಗಿಸುವುದಕ್ಕೂ ಹಿಂದೆಮುಂದೆ ನೋಡಲಿಲ್ಲ.

ಮಲ್ಹಾರರಾಯನು ಬಿಟ್ಟುಹೋದ ಬೊಕ್ಕಸದ ಮೇಲೆ ತುಲಸೀದಳವನ್ನಿಟ್ಟು ನೀರನ್ನೆರೆದು ಧರ್ಮಕ್ಕೆಂದು ಧಾರೆಯೆರೆದಳೆಂದು ಹೇಳುತ್ತಾರೆ. ಅದಕ್ಕೆ ಕೂಡಿ ಬರುತ್ತಿದ್ದುದು ಖಾಸಗಿಯ ವಾರ್ಷಿಕ ಉತ್ಪನ್ನ. ಇವೆರಡರಿಂದ ಆದುದನ್ನು ಕಣ್ಣಮುಂದೆ ತಂದುಕೊಳ್ಳಬೇಕಾದರೆ ಹಿಂದೂಸ್ಥಾನದ ಭೂಪಟವನ್ನೇ ಹರಡಿಕೊಳ್ಳಬೇಕು. ಕಾಶಿಯ ದೇವಾಲಯವನ್ನು ಆಗಲೇ ಹೇಳಿತು. ಅಲ್ಲಿಯೇ ಗಂಗೆಗೆ ಘಟ್ಟಗಳು. 1783ರಲ್ಲಿ ಸೋಮನಾಥದಲ್ಲಿ ಪಾಳುಬಿದ್ದ ಗುಡಿಯ ಸಮೀಪದಲ್ಲಿ ಹೊಸ ಗುಡಿ. 1787ರಲ್ಲಿ ಗಯೆಯ ವಿಷ್ಣುಪದ ಮಂದಿರ. ವೇರೂಳದ ಘೃಷ್ಣೇಶ್ವರನ ಆಲಯದ ಕೆಲಸವು ಅತ್ತೆ ಗೌತಮಾಬಾಯಿಯಿಂದ ಆರಂಭವಾಗಿ ಸೊಸೆಯಿಂದ ಪೂರ್ಣವಾಯಿತು. ದಕ್ಷಿಣದ ದೂರದ ಕ್ಷೇತ್ರಗಳಿಗೆ ಗಂಗೋದಕದ ಕಾವಡಿಗಳನ್ನು ಕಳುಹಿಸುತ್ತಿದ್ದಳು. ಇವುಗಳಲ್ಲಿ ಬಹುಪಾಲು ಹೋಳಕರರ ಸೀಮೆಯ ಹೊರಗಿನವು. ಅಲ್ಲಿಯ ಪ್ರಜೆಗಳಿಂದ ಆಕೆಗೆ ಕಂದಾಯವೂ ಇಲ್ಲ, ಸೈನಿಕರೂ ಇಲ್ಲ.

ಕಲ್ಲಿನ ಕೆಲಸಕ್ಕಿಂತಲೂ ಮನಸ್ಸನ್ನು ಹೆಚ್ಚು ಮುಟ್ಟುವುವು ಮಹೇಶ್ವರದ ಸುತ್ತಿನ ಸಣ್ಣ ಏರ್ಪಾಡುಗಳು. ಪ್ರತಿದಿನ ಬಡವರಿಗೆ ಅನ್ನ. ಹಬ್ಬದ ದಿನಗಳಲ್ಲಿ ತೀರ ಕೀಳೆಂದು ಎಣಿಸಲ್ಪಟ್ಟ ಜಾತಿಯವರಿಗೂ ಊಟ. ಬೇಸಗೆಯಲ್ಲಿ ದಾರಿದಾರಿಗೆ ಅರವಟ್ಟಿಗೆ, ಚಳಿಗಾಲದ ಆರಂಭದಲ್ಲಿ ಆಳುಕಾಳುಗಳಿಗೆ ಬಟ್ಟೆ. ಬಿಸಿಲಿನಲ್ಲಿ ಹೂಡಿದ ನೇಗಿಲನ್ನು ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸಲು ಆಳುಗಳನ್ನು ಇಟ್ಟಿದ್ದಳು. ರೈತನು ತನ್ನ ಬೆಳೆಯಿಂದ ಹಕ್ಕಿಗಳನ್ನು ಓಡಿಸುವುದು ನ್ಯಾಯವೇ ಸರಿ. ಹಾಗಾದರೆ ಹಕ್ಕಿಗಳು ಹೋಗುವುದೆಲ್ಲಿಗೆ? ಅವುಗಳಿಗೆಂದೇ ಬೆಳೆದು ನಿಂತ ಹೊಲಗಳನ್ನು ಕ್ರಯಕ್ಕೆ ಕೊಂಡು ಬಿಟ್ಟಳು. ದಾಸೋಹವೆಂಬ ಶಬ್ದವು ಆ ನಾಡಿನ ನುಡಿಯಲ್ಲಿಲ್ಲ. ಈ ಸಂಪುಟವನ್ನು ಓದುವ ಭಕ್ತರಿಗೆ ಅದನ್ನು ಬಿಟ್ಟು ಬೇರೆ ಶಬ್ದವು ನೆನಪಾಗಲಾರದು.

ಇಷ್ಟೆಲ್ಲ ಮಾಡಿದವಳ ಸ್ವಂತ ಮನೆಯು ದಿನೇ ದಿನೇ ಬರಿದಾಗುತ್ತ ಬಂದಿತು. ಮಗಳಾದ ಮುಕ್ತಾಬಾಯಿಯನ್ನು ಯಶವಂತರಾವ್ ಫಣಸೆಗೆ ಕೊಟ್ಟಿದ್ದಿತು. ಅವರ ಮಗನಾದ ನಥ್ಯಾಬಾನೇ ಅಜ್ಜಿಯ ಕಣ್ಣಿನ ಬೆಳಕು. ಅವನು 1790ರಲ್ಲಿ ತೀರಿಕೊಂಡನು; ಮರುವರ್ಷ ಅಳಿಯನೂ ಹೋದನು. ಮುಕ್ತಾಬಾಯಿಯು ಸಹಗಮನಕ್ಕೆ ನಿಶ್ಚಯಿಸಿದಳು. ಅರವತ್ತಾರು ವರ್ಷದ ತಾಯಿಯು ಅಪ್ಪಣೆಮಾಡಲಿಲ್ಲ; ನೆಲಕ್ಕೆ ಬಿದ್ದು ಬೇಡಿಕೊಂಡಳು. ಮಗಳ ಮಾತು ಶಾಂತವಾಗಿಯೇ ಇದ್ದಿತು: ಅಮ್ಮನಿಗೆ ವಯಸ್ಸಾಯಿತು, ಇನ್ನು ಕೆಲವೇ ವರ್ಷ, ಗಂಡನೂ ಮಗನೂ ಹೋದರು, ಅಮ್ಮನೂ ಹೋದ ಮೇಲೆ ತನ್ನ ಬಾಳು ಹೊರಲಾಗದ ಹೊರೆಯಾಗುವುದು, ಮಾನದಿಂದ ಮುಗಿಸುವ ಸಮಯವು ಆಗ ಮೀರಿಹೋಗಿರುವುದು. ತಾಯಿಯು ಮೆರವಣಿಗೆಯ ಜೊತೆಗೆ ನಡೆದಳು. ಚಿತೆಯ ಬಳಿ ಇಬ್ಬರು ಬ್ರಾಹ್ಮಣರು ಆಕೆಯ ತೋಳುಗಳನ್ನು ಹಿಡಿದುಕೊಂಡಿದ್ದರು. ಉರಿಯು ಎದ್ದಾಗ ಧೈರ್ಯವು ಕುಸಿದು, ಬಿಡಿಸಿಕೊಳ್ಳಲಾರದ ತನ್ನ ಕೈಗಳನ್ನೇ ಕಚ್ಚಿಕೊಂಡಳು. ನರ್ಮದೆಯಲ್ಲಿ ಮಿಂದು ಅರಮನೆಗೆ ಬಂದು ಮೂರು ದಿನ ಅನ್ನವನ್ನೂ ಮಾತನ್ನೂ ಬಿಟ್ಟಳು.

ಮೂವತ್ತೇಳು ವರ್ಷಗಳ ಹಿಂದೆ ಇದೇ ಬೆಂಕಿಯಿಂದ ಆಕೆಯನ್ನು ಮಾವನ ಒಂದು ಬಿನ್ನಹವು ಹಿಂದಕ್ಕೆ ತಂದಿದ್ದಿತು. ಅದೇ ಬಿನ್ನಹವು ತಾಯಿಯ ಬಾಯಿಂದ ಬಂದಾಗ ಫಲಿಸಲಿಲ್ಲ. ಆಡಳಿತಗಾರರನ್ನು ಕಿತ್ತೊಗೆದ ಕೈಗೆ ರೂಢಿಯನ್ನು ಕಿತ್ತೊಗೆಯುವುದಾಗಲಿಲ್ಲವೆಂದರೆ ಆಕೆಯ ನಿಂದೆಯಾಗದು. ಕಾಯಿದೆಯಿಂದ ಅದನ್ನು ನಿಲ್ಲಿಸುವುದಕ್ಕೆ 1829ರ ವರೆಗೆ ಕಾಯಬೇಕಾಯಿತು. ಆದರೂ ಇತರರ ಮನೆಯ ವಿಧವೆಯರಿಗೆ ಬದುಕುವ ದಾರಿಯನ್ನು ತೋರಿಸಿದ ಮನೆಯಲ್ಲಿಯೇ ಹೀಗಾದುದು ಚರಿತ್ರೆಯಲ್ಲಿ ಮುಚ್ಚಿಡತಕ್ಕ ಮಾತಲ್ಲ.

ದೇವಾಲಯಗಳಿಗೆ ಸುರಿದ ಹಣವನ್ನು ಸೈನ್ಯಕ್ಕೆ ಹಾಕಿದ್ದರೆ ಹೋಳಕರರ ರಾಜ್ಯವು ಉಳಿಯುತ್ತಿದ್ದಿತೆಂದು ಆಕ್ಷೇಪಿಸುವವರುಂಟು. 1793ರಲ್ಲಿ ಲಾಖೇರಿಯ ಬಳಿ ಶಿಂದೆಯ ಕವಾಯತು ಕಲಿತ ಪಡೆಗಳ ಮುಂದೆ ತುಕೋಜಿಯ ಸೈನ್ಯವು ಸೋತುದು ನಿಜ. ಆಕೆ ತೀರಿಕೊಂಡು ಎರಡು ವರ್ಷಕ್ಕೆ, 1797ರಲ್ಲಿ, ತುಕೋಜಿಯೂ ಸಾಯಲು ಮಕ್ಕಳಲ್ಲಿ ಕಲಹವೆದ್ದು 1801ರಲ್ಲಿ ಇಂದೂರು ಸೂರೆಯಾದುದೂ ನಿಜ. ಆದರೆ ದೌಲತ್ತಿನ ಹಣವು ಆಕೆಯ ಕಾಲದಲ್ಲಿ ದೌಲತ್ತಿಗೇ ಹೋಗುತ್ತಿದ್ದಿತು. ಮನೆಯ ಮಕ್ಕಳೇ ಒಬ್ಬರಮೇಲೊಬ್ಬರು ಕತ್ತಿಯೆತ್ತಿದಾಗ ಯಾವ ಖಾಸಗಿಯಿಂದ ಎಷ್ಟು ಲಕ್ಷ ತೆಗೆದಿದ್ದರೆ ತಾನೆ ರಾಜ್ಯವು ಉಳಿದೀತು?

1795ರ ಆಗಸ್ಟ್ 13ರಂದು ಮಹೇಶ್ವರದಲ್ಲಿ, ಎಪ್ಪತ್ತು ತುಂಬಿದ ವಯಸ್ಸಿನಲ್ಲಿ ಅಹಲ್ಯಾಬಾಯಿಯು ಶಿವೈಕ್ಯಳಾದಳು. ಮಾವ, ಅತ್ತೆ, ಗಂಡ, ಮಗ, ಮೊಮ್ಮಗ, ಅಳಿಯ, ಮಗಳು ಎಲ್ಲರನ್ನೂ ಕಳುಹಿಸಿ ಕೊನೆಗೆ ಹೊರಟವಳು ಆಕೆ.

ಖಾಸಗಿಯು ಮಾತ್ರ ಆಕೆಯೊಡನೆ ಮುಗಿಯಲಿಲ್ಲ. 1948ರಲ್ಲಿ ಇಂದೂರು ಸಂಸ್ಥಾನವು ಮಧ್ಯಭಾರತದಲ್ಲಿ ವಿಲೀನವಾಗುವ ವರೆಗೂ ಅದರ ಲೆಕ್ಕವು ಪ್ರತ್ಯೇಕವಾಗಿಯೇ ನಡೆದುಬಂದಿತು. ಘಟ್ಟ, ಗುಡಿ, ಛತ್ರ, ಬಾವಿಗಳೇ ಮೊದಲಾದ ಧರ್ಮದ ಸ್ವತ್ತುಗಳ ರಕ್ಷಣೆಗಾಗಿ 1962ರಲ್ಲಿ ಒಂದು ನ್ಯಾಸವು ಏರ್ಪಟ್ಟಿತು. ಅದು ಮನೆತನದ ಸ್ವಂತದ್ದೋ ಸಾರ್ವಜನಿಕರದೋ ಎಂಬ ವ್ಯಾಜ್ಯವು ದೆಹಲಿಯ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ 2022ರ ಜುಲೈಯಲ್ಲಿ ತೀರ್ಪಾಯಿತು. ಖಾಸಗಿಯೆಂಬ ಹೆಸರಿದ್ದರೂ ಅದು ಸಾರ್ವಜನಿಕ ನ್ಯಾಸವೆಂದೂ, ಮಧ್ಯಪ್ರದೇಶದ ಕಾಯಿದೆಯ ಮೇರೆಗೆ ಅದನ್ನು ನೋಂದಾಯಿಸತಕ್ಕುದೆಂದೂ ನ್ಯಾಯಮೂರ್ತಿಗಳು ನಿರ್ಣಯಿಸಿದರು.